ಗುಬ್ಬಿ: ಭಾಗ ಎರಡು

ಬಾಯಿ ಮೊದಲು ತೆರೆಯಿತು, ಸದ್ದು ಆಮೇಲೆ ಬಂತು, ನಡುವೆ ಕೂದಲೆಳೆಯಷ್ಟು ಖಾಲಿ, ಬೇರೆ ಯಾರಿಗೂ ಕಂಡಿರಲಾರದು, ಅವಳಿಗೆ ಕಂಡುಬಿಟ್ಟಿತು, ಪರದೆಯ ಮೇಲೆ ಆ ಕಾರ್ಟೂನ್ ಮನೆಯ ಕಿರಿಯ ಹುಡುಗ ಸೋಫಾದ ಹಿಂದಿನಿಂದ ತಲೆ ಎತ್ತಿ, ಮುಂದಿನ ಹಲ್ಲೊಂದಿಲ್ಲದ ಬಾಯಿ ತೆರೆದು — ಅಪ್ಪಾ, ಗೋಡೆ ದಾಟೋದಿದ್ರೆ ಚಪ್ಪಲಿ ಬಿಟ್ಟು ದಾಟು, ಅಮ್ಮ ಈಗಷ್ಟೇ ನೆಲ ಒರೆಸಿದ್ದಾಳೆ — ಥಿಯೇಟರ್ ಗೊಳ್ಳೆಂದು ನಕ್ಕಿತು, ಪಕ್ಕದ ಸೀಟಿನ ಹಿರಿಯ ವಿಮರ್ಶಕರು ಹೊಟ್ಟೆ ಕುಲುಕಿಸಿ ನಕ್ಕರು, ಅವಳ ಪೆನ್ನು ಮಾತ್ರ ಕತ್ತಲಲ್ಲಿ ನಿಂತಲ್ಲೇ ನಿಂತಿತು. ಗುಬ್ಬಿಯ ದನಿ. ಅಲ್ಲ, ಎಲ್ಲಾದರೂ ಉಂಟೇ, ಯಾರದೋ ಮಗು ಇರಬೇಕು, ಮಕ್ಕಳ ದನಿಗಳೆಲ್ಲ ಒಂದೇ ಥರ ಎಂದು ಅವಳೇ ಎಷ್ಟು ಸಲ ಬರೆದಿಲ್ಲ, ಗುಬ್ಬಿ ಅವಳ ತಮ್ಮ, ಈ ಕಾರ್ಟೂನ್ ಚಿತ್ರದ ಮೊದಲ ಭಾಗ ನಮ್ಮ ಭಾಷೆಗೆ ಡಬ್ ಆದಾಗ ಇದೇ ಕಿರಿಯನಿಗೆ ದನಿ ಕೊಟ್ಟವನು, ಚಿತ್ರ ಬಂದ ಮರುವರ್ಷವೇ ತೀರಿಕೊಂಡವನು, ತೀರಿಕೊಂಡವರು ಎರಡನೇ ಭಾಗಕ್ಕೆ ಬರುವುದಿಲ್ಲ, ಅಷ್ಟು ಲೋಕಜ್ಞಾನ ಅವಳಿಗೂ ಇದೆ. ಆದರೂ ಕಿರಿಯ ಇನ್ನೊಮ್ಮೆ ಬಾಯಿ ತೆರೆದ, ಇನ್ನೊಮ್ಮೆ ಮಾತಾಡಿದ, ಅದೇ ದನಿ.

ಬರೆ, ಬರೆ, ಬಂದಿರುವುದು ಬರೆಯಲಿಕ್ಕೆ, ನಾಳೆಯ ಪತ್ರಿಕೆಗೆ ಅರ್ಧ ಪುಟ ಖಾಲಿ ಬಿಟ್ಟುಕೊಂಡು ಸಂಪಾದಕರು ಕಾಯುತ್ತಿದ್ದಾರೆ, ಮೊದಲ ಸಾಲನ್ನಂತೂ ನಿನ್ನೆಯೇ ಸಿದ್ಧ ಮಾಡಿಟ್ಟಿದ್ದಳು — ಕಾದು ಕಾದು ಪ್ರೇಕ್ಷಕರು ಸುಣ್ಣವಾದರು, ಕಾಯಿಸಿದವರು ಹಾಗೇ ಇದ್ದಾರೆ — ವಿಮರ್ಶಕರೆಲ್ಲ ಹೀಗೇ, ಅರ್ಧ ಅಡುಗೆಯನ್ನು ಮನೆಯಲ್ಲೇ ಮುಗಿಸಿ ಒಗ್ಗರಣೆಗೆ ಮಾತ್ರ ಥಿಯೇಟರಿಗೆ ಬರುವ ಜಾತಿ, ಪಕ್ಕದ ಹಿರಿಯರಂತೂ ನಕ್ಷತ್ರಗಳನ್ನೂ ಮನೆಯಿಂದಲೇ ತರುತ್ತಾರೆ, ಎಂಥ ಚಿತ್ರಕ್ಕಾದರೂ ಮೂರೂವರೆ, ಅದಕ್ಕೇ ಅವರು ಎಲ್ಲರ ಬಾಯಲ್ಲಿ ಮೂರೂವರೆ ಮಾಮ. ಈ ಭಾಗವೂ ಮೊದಲ ಭಾಗ ಮುಗಿದ ಸಂಜೆಯೇ ಶುರುವಾಗುತ್ತದೆ, ಮೇಜಿನ ಮೇಲೆ ಅದೇ ಲೋಟ, ಲೋಟದಿಂದ ಅದೇ ಹಬೆ, ಗೋಡೆ ದಾಟುವ ಅಪ್ಪ, ಕಳ್ಳರ ನೆರಳನ್ನು ಹಿಡಿದೆಳೆದು ಕೆಡವುವ ಅಮ್ಮ, ನಾಳೆಯ ಸದ್ದನ್ನು ಇವತ್ತೇ ಕೇಳಿಸಿಕೊಳ್ಳುವ ಅಜ್ಜಿ, ಕೂಗಿದನೆಂದರೆ ಸುತ್ತಲಿನದೆಲ್ಲ ನಿಂತುಬಿಡುವ ಕಿರಿಯ, ಒಬ್ಬರ ಒಂದು ಕೂದಲೂ ನರೆತಿಲ್ಲ, ಇಲ್ಲಿ ಅವಳ ಕನ್ನಡಕದ ನಂಬರು ಎರಡು ಸಲ ಬದಲಾಯಿತು, ಅಲ್ಲಿ ಹಬೆ ಕೂಡ ಆರಿಲ್ಲ, ಹಲ್ಲು ಬಿದ್ದ ಜಾಗದಲ್ಲಿ ಇನ್ನೂ ಹೊಸ ಹಲ್ಲು ಬಂದಿಲ್ಲ. ಗುಬ್ಬಿಗೆ ಬರುತ್ತಿತ್ತು, ವಸಡಿನಿಂದ ಅಕ್ಕಿಕಾಳಿನಷ್ಟು ಇಣುಕಿತ್ತು, ಮುಟ್ಟಿ ನೋಡಕ್ಕಾ ಎಂದು ಬಾಯಿ ತೆರೆದು ನಿಲ್ಲುತ್ತಿದ್ದ, ಮುಟ್ಟಿದರೆ ಕಚ್ಚುತ್ತಿದ್ದ ತಲೆಹರಟೆ.

ಹಲ್ಲಿಲ್ಲದ ಬಾಯಿಗೆ ಹಲ್ಲಿಲ್ಲದೋನ ದನಿಯೇ ಬೇಕು ಎಂದು ಡಬ್ಬಿಂಗ್ ಮೇಷ್ಟ್ರು ಇವನನ್ನು ಆರಿಸಿದ್ದು, ಅಮ್ಮನಿಗೆ ಕೆಲಸ, ಕರೆದುಕೊಂಡು ಹೋಗಿ ಬರುವುದು ಇವಳ ಪಾಲಿಗೆ, ಕಾಲೇಜಿನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಗಾಜಿನ ಈಚೆ ಕೂತಿರುವುದು, ಆಚೆ ಸ್ಟೂಲಿನ ಮೇಲೆ ನಿಂತ ಗುಬ್ಬಿ, ಕಿವಿಗೆ ಅವನ ತಲೆಗಿಂತ ದೊಡ್ಡ ಹೆಡ್‌ಫೋನು, ಎದುರಿನ ಸಣ್ಣ ಪರದೆಯಲ್ಲಿ ಕಾರ್ಟೂನು, ಬಾಯಿ ತೆರೆದ ಕೂಡ್ಲೇ ಹೊರಡಬೇಕು, ಮುಚ್ಚೋದ್ರೊಳಗೆ ಮುಗಿಸಬೇಕು, ತಿಳೀತೇನೋ ಎನ್ನುತ್ತಿದ್ದರು ಮೇಷ್ಟ್ರು, ಹುಟ್ಟಿದಾಗಿನಿಂದ ಬಾಯಿ ಮುಚ್ಚದವನಿಗೆ ಅದೇನು ಮಹಾ. ಮನೆಗೆ ಬಂದರೂ ಅದೇ ಆಟ, ಅವಳು ಸದ್ದಿಲ್ಲದೆ ಬಾಯಿ ಆಡಿಸಬೇಕು, ಅವನು ಮಾತು ತುಂಬಬೇಕು, ಆಮೇಲೆ ಅವನ ಬಾಯಿಗೆ ಅವಳು, ಅಮ್ಮ ಬೈಯುವಾಗ ಹಿಂದೆ ನಿಂತು ಅಮ್ಮನ ಬಾಯಿಗೂ ತುಂಬುತ್ತಿದ್ದ, ನನ್ನ ಬಂಗಾರದಂಥ ಮಗ, ಇವನಿಗೆ ಇವತ್ತು ಸ್ನಾನ ಬೇಡ, ಬೈಯುತ್ತಿದ್ದ ಅಮ್ಮ ನಗು ತಡೆಯಲಾರದೆ ಅಡುಗೆಮನೆಗೆ ಓಡುತ್ತಿದ್ದಳು. ಅವನ ಎದೆಯೊಳಗೆ ಮಾತ್ರ ಸದಾ ಉಬ್ಬಸದ ಸದ್ದು, ಸೂರಿನಲ್ಲಿ ಗುಬ್ಬಿಮರಿ ಕೂಗಿದ ಹಾಗೆ, ಹೆಸರು ಬಂದದ್ದೇ ಅದರಿಂದ, ಪ್ರತಿ ಮಾತಿಗೆ ಮೊದಲು ಹೆಗಲು ಮೇಲೇರಿಸಿ ಒಂದು ಉಸಿರು, ಸುಂಯ್ ಎಂದು, ಮೇಷ್ಟ್ರು ಗುಂಡಿ ಒತ್ತಿ ನಿಲ್ಲಿಸಿ, ಮಾತು ಚಿನ್ನ, ಉಸಿರು ಕತ್ತರಿಸಿ ತೆಗೀರಪ್ಪಾ ಎಂದು ಹುಡುಗರಿಗೆ ಹೇಳುತ್ತಿದ್ದರು. ಗಾಜಿನ ಆಚೆ, ದೀಪದ ಕೆಳಗೆ, ಹೆಗಲು ಮೇಲೆ, ತೆರೆದ ಬಾಯಿ.

ಪರದೆಯ ಮೇಲೆ ಕಿರಿಯ ಮೆಟ್ಟಿಲಿಳಿಯುತ್ತ ಮಾತಾಡುತ್ತಿದ್ದಾನೆ, ಓಡುತ್ತ ಮಾತಾಡುತ್ತಿದ್ದಾನೆ, ಊರಿಗೆ ಹೊಸ ಖಳ ಬಂದಿದ್ದಾನಂತೆ, ಮನೆಮನೆಗೆ ನಿದ್ದೆ ಮಾರುವವನು, ಕೊಂಡವರು ಏಳುವುದಿಲ್ಲ, ಕಿರಿಯ ಅದನ್ನೆಲ್ಲ ಅಜ್ಜಿಗೆ ವಿವರಿಸುತ್ತಿದ್ದಾನೆ, ಪಾಸ್‌ವರ್ಡ್ ಎನ್ನುತ್ತಾನೆ, ಅಪ್‌ಲೋಡ್ ಎನ್ನುತ್ತಾನೆ, ಗುಬ್ಬಿ ಬದುಕಿದ್ದಾಗ ಮನೆಯಲ್ಲಿ ಯಾರೂ ಆಡದಿದ್ದ ಮಾತುಗಳು, ಎಲ್ಲಿ ಕಲಿತೆಯೋ, ಯಾರು ಕಲಿಸಿದರೋ, ಎಲ್ಲಿಗೆ ಹೋಗಿದ್ದೆಯೋ ಇಷ್ಟು ದಿನ. ಏನೋ ಒಂದು ಸರಿಯಿಲ್ಲ, ಹಲ್ಲಿನ ಸಂದಿಯ ಗಾಳಿ ಸರಿಯಿದೆ, ಕೊನೆಯಲ್ಲಿ ಮೇಲೆ ಏರುವ ರಾಗ ಸರಿಯಿದೆ, ಮತ್ತೇನು, ಮತ್ತೇನು — ಉಸಿರು. ಇವನು ಉಸಿರೆಳೆಯುತ್ತಿಲ್ಲ. ಅವಳು ಕಣ್ಣು ಮುಚ್ಚಿ ಕಾದಳು, ಈ ಮಾತು ಮುಗಿಯಲಿ ಆಗ ಎಳೆಯುತ್ತಾನೆ, ಮುಗಿಯಿತು, ಎಳೆಯಲಿಲ್ಲ, ಮುಂದಿನದು ಮುಗಿಯಲಿ, ಅದೂ ಮುಗಿಯಿತು, ಪೈಪಿನಿಂದ ನೀರು ಬಂದ ಹಾಗೆ ಮಾತು ಬರುತ್ತಲೇ ಇದೆ, ಎಳೆಯೋ ಗುಬ್ಬೀ, ಒಂದು ಸಲ ಎಳೆಯೋ, ಅವಳ ಎದೆ ಬಿಗಿಯಿತು, ಕಿವಿ ಗುಂಯ್ ಎಂದಿತು, ಏನಮ್ಮಾ, ಹುಷಾರಿದೀಯಾ, ನೀರು ಕುಡೀತೀಯಾ ಎಂದು ಮೂರೂವರೆ ಮಾಮ ಬಾಟಲಿ ಚಾಚಿದಾಗಲೇ ಗೊತ್ತಾದದ್ದು, ತಾನೂ ಇಷ್ಟು ಹೊತ್ತು ಉಸಿರು ಹಿಡಿದೇ ಕೂತಿದ್ದೇನೆ ಎಂದು. ವಾಯ್ಸ್ ಚೆನ್ನಾಗಿದೆ ಅಲ್ವಾ, ಅದೇ ಹುಡುಗನ್ನೇ ಹುಡುಕಿ ತಂದಿದ್ದಾರೆ ನೋಡು, ಈಗ ದೊಡ್ಡೋನಾಗಿರಬೇಕು, ಮೀಸೆ ಬಂದಿರತ್ತೆ, ಆದ್ರೂ ಎಷ್ಟು ಚೆನ್ನಾಗಿ ಚಿಕ್ಕೋನ ಥರ ಮಾತಾಡ್ತಾನೆ ಎಂದರು ಮಾಮ. ಹೌದು ಮಾಮ, ದೊಡ್ಡೋನಾಗಿರಬೇಕು ಎಂದಳು.

ಮಧ್ಯಂತರದಲ್ಲಿ ದೀಪ ಹತ್ತಿದ್ದೇ ಕಾರಿಡಾರಿಗೆ ಬಂದು, ಪೋಸ್ಟರಿನ ಕಿರಿಯನಿಗೆ ಬೆನ್ನು ಹಾಕಿ ನಿಂತು ಅಮ್ಮನಿಗೆ ಫೋನು, ಅಮ್ಮಾ, ಇಲ್ಲಿ ಆ ಹುಡುಗನ ದನಿ — ಹೂಂ ಕಣೇ, ನಮ್ಮ ಗುಬ್ಬೀದೇ. ಎಷ್ಟು ನಿರಾಳವಾಗಿ ಅಂದಳು, ಹಾಲು ಬಂತು ಅಂದ ಹಾಗೆ. ನಿನಗೆ ಗೊತ್ತಿತ್ತಾ? ಮೇಷ್ಟ್ರು ಮನೆಗೆ ಬಂದಿದ್ರು, ಅವನು ಸ್ಟುಡಿಯೋದಲ್ಲಿ ಆಡಿದ್ದೆಲ್ಲ ಜೋಪಾನವಾಗಿ ಇಟ್ಟಿದ್ರಂತೆ, ಕಂಪ್ಯೂಟರಿಗೆ ಅದನ್ನ ಕೇಳಿಸಿದ್ರೆ ಅವನ ದನೀಲೇ ಹೊಸ ಮಾತು ಆಡತ್ತಂತೆ, ಬಳಸ್ಕೊಳ್ಲಾ ತಾಯೀ ಅಂದ್ರು, ಬಳಸ್ಕೊಳ್ಳಿ ಅಂದೆ. ನನಗೆ ಒಂದು ಮಾತು ಹೇಳಬಾರದಿತ್ತಾ? ಹೇಳಿದ್ರೆ ನೀನು ಬೇಡ ಅಂತಿದ್ದೆ. ಅಂತಿದ್ದೆ, ಖಂಡಿತ ಅಂತಿದ್ದೆ. ಹಳೇ ಸಿನಿಮಾ ನನಗೆ ಬಾಯಿಪಾಠ ಆಗೋಯ್ತು ಕಣೇ, ಮುಂದೆ ಏನಂತಾನೆ ಅಂತ ಅವನಿಗಿಂತ ಮೊದ್ಲೇ ನನಗೆ ಗೊತ್ತಿರತ್ತೆ, ನನ್ನ ಮಗ ಏನಾದ್ರೂ ಹೊಸದು ಆಡ್ಲಿ ಅನ್ನಿಸ್ತು, ಅಷ್ಟೇ. ಒಂದೇ ಒಂದು ಷರತ್ತು ಹಾಕಿದೀನಿ, ಆ ಉಸಿರಿನ ಸದ್ದು ಮಾತ್ರ ಬೇಡ, ಅದೊಂದನ್ನ ಇನ್ನೊಂದ್ಸಲ ಕೇಳೋ ಶಕ್ತಿ ನನಗಿಲ್ಲ. ತೆಗೆದಿದ್ದಾರಲ್ಲ? ಅಮ್ಮನಿಗೆ ಆ ಸದ್ದು ಆಗುವುದಿಲ್ಲ, ಮನೆಯಲ್ಲಿ ಸಿಳ್ಳೆ ಹಾಕುವ ಕೆಟಲ್ ಇಲ್ಲ, ಬಾಗಿಲ ತಿರುಗಣೆಗಳಿಗೆಲ್ಲ ತಿಂಗಳು ತಿಂಗಳು ಎಣ್ಣೆ, ಒಮ್ಮೆ ಬಸ್ಸಿನಲ್ಲಿ ನಿದ್ದೆಹೋದ ಯಾರದೋ ಎದೆ ಸುಂಯ್ ಎಂದಿತೆಂದು ನಡುದಾರಿಯಲ್ಲಿ ಇಳಿದು ರಸ್ತೆಯಲ್ಲೇ ಕುಸಿದಿದ್ದಳು, ಅಲ್ಲಿಂದ ಹಾಸಿಗೆ ಹಿಡಿದವಳು ಎದ್ದು ಓಡಾಡುವಷ್ಟರಲ್ಲಿ ಸಾಕುಬೇಕಾಗಿತ್ತು, ಇನ್ನೊಂದು ಸಲ ಹೀಗಾಗೋಕೆ ಬಿಡಬೇಡಿ ಎಂದಿದ್ದರು ಡಾಕ್ಟರು. ತೆಗೆದಿದ್ದಾರಮ್ಮಾ, ಒಂದು ಚೂರೂ ಇಲ್ಲ. ಚೆನ್ನಾಗಿ ಮಾತಾಡ್ತಾನಾ? ಪಟಪಟ ಅಂತ ಮಾತಾಡ್ತಾನೆ. ಹಾಗಾದ್ರೆ ಮಧ್ಯಾಹ್ನದ ಆಟಕ್ಕೆ ಬಂದೇಬಿಡ್ತೀನಿ, ಪಕ್ಕದ ಮನೆಯವಳು ಟಿಕೆಟ್ ತೆಗೆಸಿಟ್ಟಿದ್ದಾಳೆ ಎಂದಳು ಅಮ್ಮ, ಆ ಸಡಗರವನ್ನು ಅವಳು ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

ಉತ್ತರಾರ್ಧದಲ್ಲಿ ಅವಳು ಒಂದಕ್ಷರ ಬರೆಯಲಿಲ್ಲ, ಬರೆದಿದ್ದರೂ ಕತ್ತಲಲ್ಲಿ ಸಾಲಿನ ಮೇಲೆ ಸಾಲು ಬಿದ್ದು ಕಾಗೆ ಕಾಲು ಗುಬ್ಬಿ ಕಾಲು, ಪರದೆಯ ಮೇಲೆ ನಿದ್ದೆ ಮಾರುವವನು ಬೀದಿ ಬೀದಿ ಮಲಗಿಸುತ್ತ ಬರುತ್ತಿದ್ದಾನೆ, ಅಂಗಡಿಯವನು ತಕ್ಕಡಿ ಹಿಡಿದೇ ಮಲಗಿದ, ಅಪ್ಪ ಗೋಡೆಯೊಳಗೆ ಅರ್ಧ ಹೋಗಿ ಅಲ್ಲೇ ಮಲಗಿದ, ಅಮ್ಮ ತನ್ನದೇ ನೆರಳಿನ ಮೇಲೆ ಮಲಗಿದಳು, ಅಜ್ಜಿ ಕಿವಿಗೆ ಕೈಯಿಟ್ಟು, ನಾಳೆ ಏನೂ ಕೇಳಿಸ್ತಿಲ್ವಲ್ಲೋ ಮಗಾ ಎಂದು ಕುರ್ಚಿಯಲ್ಲೇ ಒರಗಿದಳು, ಮಕ್ಕಳ ಚಿತ್ರದಲ್ಲಿ ಇಷ್ಟು ಭಯ ಬೇಕಿತ್ತೇ, ಬೇಕಿತ್ತು, ಚೆನ್ನಾಗಿದೆ, ದರಿದ್ರವೇ, ಚಿತ್ರ ನಿಜಕ್ಕೂ ಚೆನ್ನಾಗಿದೆ. ಈಗ ಕಿರಿಯ ಒಬ್ಬನೇ, ನಡುಮನೆಯಲ್ಲಿ ಮಲಗಿದವರ ನಡುವೆ ನಿಂತಿದ್ದಾನೆ, ಕೂಗಬೇಕು, ಕೂಗಿದರೆ ಎಲ್ಲ ನಿಲ್ಲುತ್ತದೆ, ನಿದ್ದೆಯೂ ನಿಲ್ಲುತ್ತದೆ, ಮುಖ ಹತ್ತಿರ ಬಂತು, ಇನ್ನೂ ಹತ್ತಿರ, ಪರದೆ ತುಂಬ ಮುಖ, ಹೆಗಲು ಮೇಲೇರಿತು — ಬೇಡ — ಬಾಯಿ ತೆರೆಯಿತು, ಹಲ್ಲಿಲ್ಲದ ಜಾಗ ಬಾಗಿಲಷ್ಟು ದೊಡ್ಡದಾಗಿ ತೆರೆಯಿತು, ಸುಂಯ್ ಎಂದು ಒಂದು ಉಸಿರು ಒಳಗೆ ಹೋಯಿತು, ಥಿಯೇಟರಿನ ನಾಲ್ಕೂ ಗೋಡೆಗಳಿಂದ, ಸೀಟಿನ ಕೆಳಗಿನಿಂದ, ಗುಬ್ಬಿಮರಿಗಳು ಒಟ್ಟಿಗೆ ಕೂಗಿದವು, ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಪರದೆ ಕಪ್ಪಾಯಿತು. ಮೂರನೇ ಭಾಗದಲ್ಲಿ ನೋಡಿ ಎಂಬಂಥದ್ದೇನೋ ಅಕ್ಷರ ಬಂತು, ಚಪ್ಪಾಳೆ. ಗುಬ್ಬಿಯ ಕೊನೆಯ ದಿನ ಆಸ್ಪತ್ರೆಯ ಮಂಚದಲ್ಲೂ ಹೀಗೇ, ಅಮ್ಮ ತಲೆ ಹಿಡಿದಿದ್ದಳು, ಇವಳು ಕಾಲು ಹಿಡಿದಿದ್ದಳು, ಗುಬ್ಬಿ ಬಾಯಿ ತೆರೆದು ಇವಳನ್ನೇ ನೋಡಿದ, ಆಟದಲ್ಲಿ ನೋಡುವ ಹಾಗೆ, ನಿನ್ನ ಸರದಿ ಅಕ್ಕಾ, ತುಂಬು ಅನ್ನುವ ಹಾಗೆ, ಅವಳಿಗೆ ಒಂದು ಮಾತೂ ಹೊಳೆಯಲಿಲ್ಲ.

ಹೊರಗೆ ಬಾಗಿಲ ಬಳಿ ಡಬ್ಬಿಂಗ್ ಮೇಷ್ಟ್ರು, ಕೂದಲೆಲ್ಲ ಬೆಳ್ಳಗೆ, ಎಲ್ಲರ ಕೈ ಕುಲುಕುತ್ತಿದ್ದವರು ಅವಳನ್ನು ಕಂಡದ್ದೇ ಎರಡೂ ಕೈ ಹಿಡಿದುಕೊಂಡರು, ಕಣ್ಣಲ್ಲಿ ನೀರು, ಅಮ್ಮನಿಗೆ ಕೊಟ್ಟ ಮಾತು ಉಳಿಸಿಕೊಂಡೆ ಮಗಳೇ, ಒಂದು ಡೈಲಾಗಿನಲ್ಲೂ ಉಸಿರಿಲ್ಲ, ಕೇಳಿದೆಯಲ್ಲ? ಕೊನೇ ಶಾಟು ಮೇಷ್ಟ್ರೇ? ಕೊನೇ ಶಾಟಾ, ಅದರಲ್ಲಿ ಡೈಲಾಗೇ ಇಲ್ವಲ್ಲಮ್ಮಾ, ಬಾಯಿ ತೆರೆದಿತ್ತು, ಖಾಲಿ ಬಿಡೋಕಾಗತ್ತಾ, ಕಂಪ್ಯೂಟರಿಗೆ ಮಾತು ಬರತ್ತೆ, ಉಸಿರು ಬರಲ್ಲ, ಅದಕ್ಕೆ ಅವತ್ತು ಕತ್ತರಿಸಿಟ್ಟ ಅವನದ್ದೇ ಉಸಿರು ಹಾಕಿದೆ. ಅಷ್ಟು ಮುಗ್ಧವಾಗಿ ಹೇಳಿದರು, ಕತ್ತರಿಸಿದ್ದನ್ನೆಲ್ಲ ಎಸೆಯುತ್ತಾರೆ ಅಂದುಕೊಂಡಿದ್ದಳು, ಇಷ್ಟು ವರ್ಷ ಆ ಉಸಿರುಗಳೆಲ್ಲ ಯಾವುದೋ ಕಪಾಟಿನಲ್ಲಿ ಒಂದರ ಪಕ್ಕ ಒಂದು ಕೂತಿದ್ದವು. ಫೋನು ನಡುಗಿತು, ಅಮ್ಮ, ಹಿಂದೆ ಬಸ್ಸಿನ ಸದ್ದು, ಹೊರಟಾಯ್ತು ಕಣೇ, ಕೂತ್ಕೊಂಡಿದೀನಿ, ಕೊನೇವರೆಗೂ ನೋಡಿದ್ಯಲ್ಲ, ಏನೂ ಇಲ್ವಲ್ಲ? ಇಲ್ಲ ಎಂದರೆ ಅಮ್ಮ ಆ ಕತ್ತಲಲ್ಲಿ ಕೂತಿರುತ್ತಾಳೆ, ನಗುತ್ತಿರುತ್ತಾಳೆ, ಮಗನ ಹೊಸ ಮಾತುಗಳನ್ನು ಒಂದೊಂದಾಗಿ ಸೆರಗಿಗೆ ಕಟ್ಟಿಕೊಳ್ಳುತ್ತಿರುತ್ತಾಳೆ, ಆಗ ಆ ಮುಖ ಹತ್ತಿರ ಬರುತ್ತದೆ, ಇದೆ ಎಂದರೆ ಈಗಲೇ, ಬಸ್ಸಿನಲ್ಲೇ ಕುಸಿಯುತ್ತಾಳೆ, ಕೊನೆಗೆ ಹತ್ತು ನಿಮಿಷ ಇರುವಾಗ ಎದ್ದು ಬಾ ಎಂದರೆ ಯಾಕೆ ಎಂದು ಕೇಳದೆ ಬಿಡುವವಳೇ, ಮಗ ಮಾತಾಡುತ್ತಿರುವಾಗ ಎದ್ದು ಬರುವವಳೇ — ಯಾಕೇ ಸುಮ್ಮನಾದೆ? ಹಲೋ? ಇದೆಯಾ? ಅವಳು ಹೇಳಲೆಂದು ಹೊರಟಳು, ಅಷ್ಟರಲ್ಲಿ ಅವಳ ತಡವನ್ನೇ ಉತ್ತರವೆಂದುಕೊಂಡು ಆ ತುದಿಯಲ್ಲಿ ಅಮ್ಮ ಗಕ್ಕನೆ ಉಸಿರೆಳೆದುಕೊಂಡದ್ದು ಕೇಳಿಸಿತು, ಬಿಟ್ಟದ್ದು ಕೇಳಿಸಲಿಲ್ಲ, ಅಮ್ಮಾ, ಅಮ್ಮಾ, ಬಸ್ಸಿನ ಸದ್ದು ಮಾತ್ರ, ಎದುರಿಗೆ ಗೋಡೆ ಇದೆ, ಜನ ಇದ್ದಾರೆ, ಏನೂ ಕಾಣುತ್ತಿಲ್ಲ, ಕಾಣುವುದು ಅದೊಂದೇ, ದೀಪದ ಕೆಳಗೆ, ಮೇಲೇರಿದ ಹೆಗಲು, ತೆರೆದ ಬಾಯಿ, ಅಕ್ಕಿಕಾಳಿನಷ್ಟು ಹೊಸ ಹಲ್ಲು, ತೆರೆದ ಬಾಯಿ —