ಅಂಚಿಗೆ ಬೀಳದ ಎಣ್ಣೆ

ಅಂತೊಫಗಾಸ್ತಾ ಎಂಬ ಬಂದರು ಊರಿನವರಿಗೆ ಮೂತ್ರಕೋಶದ ಕ್ಯಾನ್ಸರ್ ಹೊಸದಲ್ಲ. ಒಂದು ಕಾಲಕ್ಕೆ ಊರಿನ ನಲ್ಲಿಗಳಲ್ಲಿ ಆರ್ಸೆನಿಕ್ ಬೆರೆತ ನೀರು ಬರುತ್ತಿತ್ತು. ಅದನ್ನು ಕುಡಿದು ಬೆಳೆದ ಮಕ್ಕಳು ಈಗ ಮುದುಕರಾಗಿ ಆಸ್ಪತ್ರೆಯ ಬೆಂಚುಗಳ ಮೇಲೆ ಕೂತಿದ್ದಾರೆ. ಅವರನ್ನೆಲ್ಲ ಕೊಯ್ದು ಕೊಯ್ದೇ ದೊಡ್ಡ ಮನುಷ್ಯನಾದ ಸರ್ಜನ್ ಎವರಿಸ್ತೊಗೆ, ಆ ನೀರು ತನ್ನ ಬಾಯಿಗೂ ಬಿದ್ದಿತ್ತೆಂಬುದು ಮಾತ್ರ ಮರೆತೇ ಹೋಗಿತ್ತು.

ಕಿರಣ ಚಿಕಿತ್ಸೆಯವರೆಂದರೆ ಅವನಿಗೆ ಅಷ್ಟಕ್ಕಷ್ಟೆ. ಗಡ್ಡೆ ಕೆರೆದು ತೆಗೆದ ಮೇಲೆ ಗಾಯದ ಅಂಚಿನ ಸುತ್ತ ಅವರ ಗುರುತಿಗೆಂದು ಒಂದು ಬಗೆಯ ಎಣ್ಣೆಯ ಹನಿಗಳನ್ನು ಸೂಜಿಯಿಂದ ಚುಚ್ಚಿಡಬೇಕು. ಸ್ಕ್ಯಾನಿನಲ್ಲಿ ಅವು ಬೆಳ್ಳಗೆ ಹೊಳೆದರೆ ಕಿರಣ ಸರಿಯಾಗಿ ಅಲ್ಲಿಗೇ ಬೀಳುತ್ತದೆ, ಮೂತ್ರಕೋಶ ಉಳಿಯುತ್ತದೆ. ಎವರಿಸ್ತೊ ಅಂಚು ಹುಡುಕುವ ಗೋಜಿಗೇ ಹೋಗುತ್ತಿರಲಿಲ್ಲ. ಸುಲಭವಾಗಿ ಸಿಕ್ಕ ಒಂದೇ ಜಾಗಕ್ಕೆ ಎಲ್ಲ ಎಣ್ಣೆಯನ್ನೂ ಚುಚ್ಚಿ, "ಸಾಕು ಬಿಡ್ರೋ, ಮೀನು ಆರಿ ಹೋಗತ್ತೆ" ಎಂದು ಬಂದರಿನ ಪಕ್ಕದ ಹೋಟೆಲಿಗೆ ಊಟಕ್ಕೆ ಹೊರಡುತ್ತಿದ್ದ. ಶಿಷ್ಯರು ನಗುತ್ತಿದ್ದರು. ನಗದೆ ಏನು ಮಾಡಿಯಾರು, ಅವರನ್ನು ಪಾಸು ಮಾಡಬೇಕಾದವನು ಅವನೇ.

ಈಗ ಅವನ ಮೂತ್ರದಲ್ಲೇ ರಕ್ತ ಕಾಣಿಸಿತು. ಊರಿಗೆಲ್ಲ ಮೂತ್ರಕೋಶ ತೆಗೆದು ಹೊಟ್ಟೆಗೆ ಮೂತ್ರದ ಚೀಲ ಕಟ್ಟಿದ ಮಹಾನುಭಾವನಿಗೆ ತನಗೆ ಮಾತ್ರ ಚೀಲ ಬೇಡವಾಯಿತು! ಶಿಷ್ಯ ಎಲಿಯಾಸನ ಕೈಯಲ್ಲಿ ಗಡ್ಡೆ ತೆಗೆಸಿ, ಎಣ್ಣೆ ಹಾಕಿಸಿಕೊಂಡು, ಕಿರಣ ವಿಭಾಗದ ಡಾಕ್ಟರ್ ಯಾಸ್ನಾಳ ಮುಂದೆ ಬಂದು ಕೂತ. ಅವಳು ಸ್ಕ್ಯಾನ್ ತೋರಿಸಿದಳು. ಒಂದು ಮೂಲೆಯಲ್ಲಿ ಬಿಳಿ ಮುದ್ದೆ, ಉಳಿದೆಡೆ ಏನೂ ಇಲ್ಲ.

"ಯಾವ ಕತ್ತೆ ಹೀಗೆ ಹಾಕತ್ತೆ ಇದನ್ನ?"

"ನಿಮ್ಮ ಎಲಿಯಾಸ್. ನೀವು ಹೇಳ್ಕೊಟ್ಟ ಹಾಗೇ ಹಾಕಿದಾನೆ, ಡಾಕ್ಟ್ರೇ."

"ಇಷ್ಟು ದಿನ ನಾನು ಕಳಿಸಿದೋರಿಗೆ ಏನು ಮಾಡ್ತಿದ್ದೆ ನೀನು?"

"ಗುರಿ ಗೊತ್ತಾಗ್ದೆ ಇಡೀ ಮೂತ್ರಕೋಶಕ್ಕೇ ಕಿರಣ ಬಿಡ್ತಿದ್ದೆ. ಪಕ್ಕದ ಕರುಳೂ ಸುಡ್ತಿತ್ತು. ಫೋನ್ ಮಾಡಿದ್ರೆ ಊಟ ಮಾಡ್ತಿದೀನಿ ಅಂತಿದ್ರಲ್ಲ, ನೆನಪಿಲ್ವಾ?"

ಎವರಿಸ್ತೊ ಅವಳ ಮುಖದಲ್ಲಿ ಕರುಣೆ ಹುಡುಕಿದ. ಸಿಗಲಿಲ್ಲ.

"ಗಾಯ ಮಾಯೋದ್ರೊಳಗೆ ಮತ್ತೆ ಹಾಕಿಸ್ಕೊಂಡು ಬನ್ನಿ," ಎಂದಳು. "ಮಾಯ್ದ ಮೇಲೆ ಅಂಚು ಸಿಗಲ್ಲ. ಆಗ ಕರುಳು ಸುಟ್ಕೊಳ್ಳೋದೋ, ಚೀಲ ಕಟ್ಕೊಳ್ಳೋದೋ, ನೀವೇ ನೋಡ್ಕೊಳ್ಳಿ."

ಮತ್ತೆ ಅದೇ ಮೇಜು, ಅದೇ ಎಲಿಯಾಸ್; ಬೇರೆ ಯಾರನ್ನು ಕರೆದರೂ ಅವನ ಶಿಷ್ಯರೇ ತಾನೆ. ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು; ತಲೆ ಮಾತ್ರ ಚೆನ್ನಾಗಿ ಎಚ್ಚರವಾಗಿತ್ತು. ಕಾಲೆರಡನ್ನೂ ಮೇಲಕ್ಕೆ ಕಟ್ಟಿಸಿಕೊಂಡು, ಎವರಿಸ್ತೊ ಮೂತ್ರಕೋಶದ ಒಳಗನ್ನು ತೋರಿಸುವ ಪರದೆಯನ್ನೇ ನೋಡುತ್ತಿದ್ದ. ಒಂದೆರಡು ಹನಿ ಅಂಚಿಗೇ ಬಿದ್ದವು. ಆಮೇಲೆ ರಕ್ತ ಒಸರಿ ಅಂಚು ಮಸುಕಾಯಿತು. ಎಲಿಯಾಸ್ ಗೋಡೆಯ ಗಡಿಯಾರದತ್ತ ಕತ್ತೆತ್ತಿದ.

"ಸಾಕಲ್ವಾ ಡಾಕ್ಟ್ರೇ? ಮೀನು ಆರಿ ಹೋಗತ್ತೆ."

ಸುತ್ತ ನಿಂತವರೆಲ್ಲ ನಕ್ಕರು. ಆ ಮಾತಿಗೆ ನಕ್ಕು ಅವರಿಗೆ ಅಭ್ಯಾಸ.

ಎವರಿಸ್ತೊ ಬೈಯಲು ಬಾಯಿ ತೆರೆದ. ಸೂಜಿ ಯಾರ ಕೈಯಲ್ಲಿದೆ ಎಂಬುದು ಆಗ ನೆನಪಾಯಿತು.

"ಎಲಿಯಾಸ್, ಮಗನೇ," ಎಂದ, "ರಕ್ತ ತೊಳೆದು ಇನ್ನೊಂದ್ಸಲ ನೋಡಪ್ಪ. ದಮ್ಮಯ್ಯ ಅಂತೀನಿ."