ನೊರೆಹಾಲು

ಶಿವರುದ್ರಮ್ಮನಿಗೆ ಜ್ವರ ಬಂದರೆ ಅದು ಊರಿನ ನಾಲ್ಕು ಜನಕ್ಕೆ ಬರುವ ಹಾಗೆ ತಾನಾಗಿ ಬರುವುದಿಲ್ಲ. ಯಾರೋ ಬರಿಸಿದ್ದರಿಂದ ಬರುತ್ತದೆ. ಹಾಗೆಂದು ಅವಳು ಬಾಯಿಬಿಟ್ಟು ಹೇಳಿದವಳಲ್ಲ, ಆದರೆ ಹಣೆಗೆ ವಿಭೂತಿ ಎಳೆದುಕೊಂಡು ಜಗುಲಿಯ ಮೇಲೆ ಕೂತು ಮನೆಯವರ ಮುಖಗಳನ್ನು ಒಂದೊಂದಾಗಿ ನೋಡುವ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು.

ನೋಡಲು ಮನೆಯಲ್ಲಿ ಬಹಳ ಮುಖಗಳೇನೂ ಇರಲಿಲ್ಲ. ಶೆಟ್ಟಿಕೆರೆಯಿಂದ ಸ್ವಲ್ಪ ಒಳಗೆ, ತೋಟದ ಅಂಚಿನ ಮನೆ. ಗಂಡ ಸದಾಶಿವಯ್ಯ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಯೋಗೀಶ ತೋಟ ನೋಡಿಕೊಂಡು ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ. ಸೊಸೆ ದಾಕ್ಷಾಯಿಣಿ, ಒಂದನೇ ಕ್ಲಾಸಿನ ಮೊಮ್ಮಗಳು ಗಾನವಿ. ಅನುಮಾನ ಪಡುವುದಕ್ಕೆ ಇಷ್ಟು ಜನ ಧಾರಾಳವಾಗಿ ಸಾಕು.

ಸಂಕ್ರಾಂತಿ ಕಳೆದ ಮೇಲೆ ಹಿಡಿದ ಜ್ವರ ಅದು. ಬೆಳಿಗ್ಗೆ ಏನೂ ಇರುತ್ತಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೈ ನಡುಗಿ ಕಾವೇರುತ್ತಿತ್ತು, ರಾತ್ರಿ ಬೆವರಿನಲ್ಲಿ ರವಿಕೆ ತೊಯ್ದು ಹೋಗುತ್ತಿತ್ತು. ನಡು ಬಿದ್ದುಹೋಗುವಷ್ಟು ನೋವು. ಕೆಲವು ದಿನ ಹೀಗೆ ಕಾಡಿ, ತಾನೇ ಬಿಟ್ಟುಹೋಗಿ, ಇನ್ನೇನು ವಾಸಿಯಾಯಿತು ಅನ್ನುವಾಗ ಮತ್ತೆ ಬರುತ್ತಿತ್ತು. ಯೋಗೀಶ ಚಿಕ್ಕನಾಯಕನಹಳ್ಳಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದ. ಟೈಫಾಯಿಡ್ ಇಲ್ಲ, ಮಲೇರಿಯಾ ಇಲ್ಲ ಅಂದರು. ಜ್ವರದ ಮಾತ್ರೆ ಕೊಟ್ಟರು. ಮಾತ್ರೆ ಮುಗಿಯಿತು, ಜ್ವರ ಮುಗಿಯಲಿಲ್ಲ. ಕೈಬಳೆ ಮೊಣಕೈವರೆಗೆ ಜಾರುವಷ್ಟು ಇಳಿದುಹೋದಳು.

ಮಂಡಿನೋವೆಂದು ಅವಳು ಅಡುಗೆಮನೆಯನ್ನು ಸೊಸೆಗೆ ಬಿಟ್ಟುಕೊಟ್ಟದ್ದು ದೀಪಾವಳಿಗೆ. ಜ್ವರ ಹಿಡಿದದ್ದು ಸಂಕ್ರಾಂತಿಗೆ. ಶಿವರುದ್ರಮ್ಮ ಈ ಎರಡನ್ನೂ ಮನಸ್ಸಿನಲ್ಲೇ ಗಂಟು ಹಾಕಿದಳು. ನಡುವೆ, ಅವರೆಕಾಯಿ ಕಾಲದಲ್ಲಿ, ಮನೆಯ ಹಸು ಕೆಂಪಿ ದಿನ ತುಂಬುವ ಮೊದಲೇ ಕಂದು ಹಾಕಿತ್ತು. ಕಸ, ಅಂದರೆ ಮಾಸು, ಬೀಳದೆ ಒದ್ದಾಡುತ್ತಿದ್ದ ಹಸುವಿಗೆ ಅವಳೇ ಬರಿಗೈ ಹಾಕಿ ಕಸ ಎಳೆದು, ಸತ್ತ ಕರುವನ್ನು ತೆಂಗಿನ ಬುಡಕ್ಕೆ ಹೂತು, ಕೈಗೆ ಒಂದಿಷ್ಟು ಬೂದಿ ಉಜ್ಜಿಕೊಂಡು ಬಂದಿದ್ದಳು. "ಅತ್ತೆ, ಕೈಗೆ ಕವರ್ ಆದ್ರೂ ಸುತ್ಕೊಳಿ, ಇಲ್ಲಾ ದನದ ಡಾಕ್ಟ್ರು ಬರ್ಲಿ ತಡೀರಿ" ಎಂದು ದಾಕ್ಷಾಯಿಣಿ ದೂರದಲ್ಲಿ ನಿಂತೇ ಹೇಳಿದ್ದಳು. ಸೊಸೆ ದೂರ ನಿಂತದ್ದು ಶಿವರುದ್ರಮ್ಮನ ನೆನಪಿನಲ್ಲಿ ಉಳಿಯಿತು, ಹೇಳಿದ ಮಾತು ಉಳಿಯಲಿಲ್ಲ.

ಪಕ್ಕದ ಮನೆಯ ಗಂಗಲಕ್ಷ್ಮಿ ಒಂದು ಮಧ್ಯಾಹ್ನ ಬಂದು ಕೂತಳು.

"ಕೂದ್ಲು ಉದುರ್ತಾವಾ ಅಕ್ಕ?"

"ಉದುರ್ತಾವೆ ಕಣೇ."

"ಬಾಯಿಗೆ ರುಚಿ?"

"ಮಣ್ಣು ತಿಂದಂಗೆ."

"ಹೊಟ್ಟೆಯಾಗೆ ಏನೋ ಉಂಡೆ ಕಟ್ಟಿದಂಗೆ ಆಯ್ತದಾ?"

ಅಲ್ಲಿಯವರೆಗೆ ಆಗಿರಲಿಲ್ಲ. ಕೇಳಿದ ಮೇಲೆ ಆಯಿತು. ಗಂಗಲಕ್ಷ್ಮಿ ದನಿ ತಗ್ಗಿಸಿದಳು. "ಬುಡು ಹಂಗಾರೆ. ಇದು ಡಾಕ್ಟ್ರು ಕೈಲಿ ಹೋಗೋದಲ್ಲ. ಮದ್ದು ಹಾಕವ್ರೆ." ಯಾರೆಂದು ಹೇಳಲಿಲ್ಲ, ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದಳು ಅಷ್ಟೆ. ಊಟದಲ್ಲಿ ಗೊತ್ತಾಗದಂತೆ ಮದ್ದು ಬೆರೆಸುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಣಗಿಸುತ್ತದೆ ಎಂಬುದನ್ನು ಶಿವರುದ್ರಮ್ಮ ಹುಟ್ಟಿದಾಗಿನಿಂದ ಕೇಳಿದ್ದಳು. ತನ್ನ ಮನೆಯ ಒಲೆಯ ಮೇಲೆ ಅದು ಬೇಯುತ್ತದೆ ಅಂದುಕೊಂಡಿರಲಿಲ್ಲ.

ಮಗನಿಗೆ ತಿಳಿಯದಂತೆ ಗಂಗಲಕ್ಷ್ಮಿಯ ಜೊತೆ ಆಟೋ ಹತ್ತಿ ಮದ್ದು ತೆಗೆಯುವ ಲಕ್ಕಯ್ಯನ ಹಟ್ಟಿಗೆ ಹೋದಳು. ಲಕ್ಕಯ್ಯ ಯಾವುದೋ ಬಳ್ಳಿಯ ಸೊಪ್ಪನ್ನು ಅರೆದು ರಸವನ್ನು ಅವಳ ಅಂಗೈಗೆ ಹಿಂಡಿದ. ನೋಡನೋಡುತ್ತಾ ಅದು ಮೊಸರಿನ ಹಾಗೆ ಗಟ್ಟಿಯಾಯಿತು. "ಮದ್ದಿಲ್ದಿದ್ರೆ ನೀರಾಗೇ ಇರ್ತಿತ್ತು ಕಣವ್ವ" ಅಂದ. ಏನೋ ಕುಡಿಸಿದ, ಕರುಳು ಕಿತ್ತು ಬರುವ ಹಾಗೆ ವಾಂತಿಯಾಯಿತು. ಕಡ್ಡಿಯಿಂದ ಕೆದಕಿ, ಕಪ್ಪಗಿನ ಒಂದು ಚೂರು ತೋರಿಸಿ, "ಇದೇ" ಅಂದ. ಆವತ್ತಿನಿಂದ ಸುಮಾರು ಎರಡು ವಾರ ಜ್ವರದ ಸುಳಿವಿಲ್ಲ. ಇದಕ್ಕಿಂತ ಸಾಕ್ಷಿ ಬೇಕೆ? ಬಿಟ್ಟುಬಿಟ್ಟು ಬರುವುದೇ ಆ ಜ್ವರದ ಗುಣ ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಆಮೇಲೆ ಒಂದು ಸಂಜೆ ಮತ್ತೆ ಮೈ ನಡುಗಿದಾಗ ಅವಳು ಹಲ್ಲು ಕಚ್ಚಿಕೊಂಡು ಅಂದುಕೊಂಡದ್ದು ಒಂದೇ ಮಾತು, ಮತ್ತೆ ಹಾಕಿದಳು.

ಅಲ್ಲಿಂದ ಅವಳ ಕಾವಲು ಶುರುವಾಯಿತು. ಸೋಮವಾರದ ವ್ರತ, ಗುರುವಾರದ ವ್ರತ ಎಂದು ನೆಪ ಹೂಡಿ ಹಿತ್ತಲ ಒಲೆಯಲ್ಲಿ ತನ್ನ ಮುದ್ದೆ ತಾನೇ ತಿರುವಿಕೊಂಡಳು. ದಾಕ್ಷಾಯಿಣಿ ಸಾರಿನ ಪಾತ್ರೆಗೆ ಮುಚ್ಚಳ ಹಾಕಿದರೆ ಯಾಕೆ ಹಾಕಿದಳು, ತೆಗೆದರೆ ಯಾಕೆ ತೆಗೆದಳು. ಎಲ್ಲಕ್ಕಿಂತ ಹೆಚ್ಚು ಅನುಮಾನ ಹಾಲಿನ ಮೇಲೆ. ಕಂದು ಹಾಕಿದ ಮೇಲೆ ಕೆಂಪಿ ಕೊಡುತ್ತಿದ್ದದ್ದು ಅಷ್ಟಿಷ್ಟು ಹಾಲು. ಡೈರಿಗೆ ಹಾಕುವಷ್ಟಿಲ್ಲ, ಮನೆಗೇ ಸರಿ. ಆ ಇಷ್ಟು ಹಾಲನ್ನು ದಾಕ್ಷಾಯಿಣಿ ಉಕ್ಕಿಸಿ, ಉರಿ ತಗ್ಗಿಸಿ, ಸೌಟಿನಿಂದ ತಿರುವುತ್ತಾ ಮತ್ತೆ ಕುದಿಸುತ್ತಾ ಒಲೆ ಬಿಟ್ಟು ಕದಲದೆ ನಿಲ್ಲುತ್ತಿದ್ದಳು. ಹಾಲು ಕಾಯಿಸಲು ಯಾರಾದರೂ ಅಷ್ಟು ಹೊತ್ತು ನಿಲ್ಲುತ್ತಾರೆಯೇ? ಅದರಲ್ಲಿ ಏನೋ ಕರಗಬೇಕು, ಅದಕ್ಕೇ ನಿಲ್ಲುತ್ತಾಳೆ.

ಶಿವರುದ್ರಮ್ಮ ಇದಕ್ಕೆ ದಾರಿ ಕಂಡುಕೊಂಡಳು. ಕೆಂಪಿಯ ಹಾಲು ಕರೆಯುವವಳು ಅವಳೇ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕೂತು, ಕೆಚ್ಚಲಿನಿಂದ ನೇರ ಚೊಂಬಿಗೆ ಕರೆದು, ನೊರೆ ಇಳಿಯುವ ಮೊದಲೇ ಕುಡಿದುಬಿಡುತ್ತಿದ್ದಳು. ಕೆಚ್ಚಲಿಗೂ ಬಾಯಿಗೂ ನಡುವೆ ಯಾರ ಕೈಯೂ ಬರುವಂತಿಲ್ಲ. ತನಗೆಂದು ಹಾಕಿದ್ದು ಎಲ್ಲಿ ತಪ್ಪಿ ಮಗುವಿನ ಹೊಟ್ಟೆ ಸೇರುತ್ತದೋ ಎಂಬ ಹೆದರಿಕೆಗೆ ಗಾನವಿಯನ್ನೂ ಕೊಟ್ಟಿಗೆಗೆ ಕರೆದು ಒಂದು ಲೋಟ ನೊರೆಹಾಲು ಕುಡಿಸುತ್ತಿದ್ದಳು. "ಅಮ್ಮಂಗೆ ಹೇಳ್ಬ್ಯಾಡ ಪುಟ್ಟಿ. ಒಳಗಿನ ಹಾಲು ಕೊಟ್ರೆ ಹೊಟ್ಟೆ ತುಂಬೈತೆ ಅನ್ನು." ಮಗುವಿನ ನೊರೆಮೀಸೆಯನ್ನು ಸೆರಗಿನಿಂದ ಒರೆಸುವಾಗ ಅವಳ ಎದೆ ತುಂಬಿ ಬರುತ್ತಿತ್ತು. ಈ ಒಂದು ಜೀವವನ್ನಾದರೂ ಉಳಿಸಿಕೊಂಡೆ ಅನ್ನಿಸುತ್ತಿತ್ತು.

ಯುಗಾದಿ ಹತ್ತಿರ ಬಂದಾಗ ಗಾನವಿಗೆ ಜ್ವರ ಬಂತು. ಸಂಜೆ ಕಾವು, ರಾತ್ರಿ ಬೆವರು. ಆಮೇಲೆ ಒಂದು ಮಂಡಿ ಊದಿಕೊಂಡು ಮಗು ಕುಂಟತೊಡಗಿತು. ಅದನ್ನು ಕಂಡು ಶಿವರುದ್ರಮ್ಮನ ಜೀವ ಹಾರಿಹೋಯಿತು. ಅಷ್ಟು ದಿನ ಕಟ್ಟಿ ಇಟ್ಟುಕೊಂಡಿದ್ದ ಬಾಯಿ ಒಡೆಯಿತು.

"ನಂಗೆ ಅಂತ ಇಟ್ಟಿದ್ದು ಮಗೀನ ಹೊಟ್ಟೆಗೆ ಹೋಯ್ತಲ್ಲೇ! ನಾನು ಮುದುಕಿ, ನನ್ನ ಸಾಯಿಸಿದ್ರೆ ಸಾಯ್ತಿದ್ದೆ. ಹೆತ್ತ ಮಗೀನ ಮುಖ ನೋಡ್ಬಾರ್ದಾ?"

ಚಾಪೆಯ ಮೇಲೆ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ ದಾಕ್ಷಾಯಿಣಿ ತಲೆ ಎತ್ತಿದಳು. ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಏನು ಇಟ್ಟೆ ಅತ್ತೆ ನಾನು?"

"ಅದನ್ನ ನನ್ ಬಾಯಲ್ಲಿ ಹೇಳಿಸ್ಬೇಡ."

"ಅಮ್ಮ!" ಎಂದು ಯೋಗೀಶ ಕೂಗಿದ ಕೂಗಿಗೆ ಮಗು ಅಳಲು ಶುರುಮಾಡಿತು. ಅವನು ಮಗುವನ್ನು ಎತ್ತಿಕೊಂಡು ಕಾರಿನ ಹತ್ತಿರ ನಡೆದ. ತಿಪಟೂರಿನ ಆಸ್ಪತ್ರೆಗೆ ಗಂಡಹೆಂಡಿರು ಇಬ್ಬರೇ ಹೋದರೆ ಒಳಗೊಳಗೇ ಏನು ಮುಚ್ಚಿಹಾಕುತ್ತಾರೋ ಎಂದು ಶಿವರುದ್ರಮ್ಮ ಕರೆಯದೆ ಇದ್ದರೂ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು.

ಡಾಕ್ಟರಮ್ಮ ಮಗುವಿನ ಮಂಡಿ ಮುಟ್ಟಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಆಮೇಲೆ ಕೇಳಿದರು. "ಮನೇಲಿ ದನ ಕಟ್ಟಿದೀರಾ?"

"ಒಂದು ಹಸು ಐತೆ" ಅಂದ ಯೋಗೀಶ.

"ಈಚೆಗೆ ಕಂದು ಹಾಕಿತ್ತಾ?"

"ಹ್ಞೂ ಮೇಡಂ. ಹಾಕಿತ್ತು."

"ಮಗೂಗೆ ಹಸಿ ಹಾಲು ಕುಡಿಸ್ತೀರಾ?"

"ಇಲ್ಲ ಮೇಡಂ" ಅಂದಳು ದಾಕ್ಷಾಯಿಣಿ. "ಹಸು ಕಂದು ಹಾಕಿದಾಗಿಂದ ಹಾಲನ್ನ ಚೆನ್ನಾಗಿ ಕುದಿಸಿ ಅಂತ ದನದ ಡಾಕ್ಟ್ರು ಹೇಳಿದ್ರು. ಒಲೆ ಮುಂದೆ ನಿಂತ್ಕೊಂಡು ಕುದಿಸ್ತೀನಿ."

"ಹಾಗಿದ್ರೆ ಅದಿರಲಾರದು. ಕಂದು ರೋಗ ಅಂತ ದನಗಳಿಗೆ ಬರುತ್ತೆ, ಬ್ರೂಸೆಲ್ಲಾ ಅಂತೀವಿ. ಅಂಥ ಹಸುವಿನ ಹಸಿ ಹಾಲು ಕುಡಿದ್ರೆ, ಕಸ ಬರಿಗೈಲಿ ಮುಟ್ಟಿದ್ರೆ ಮನುಷ್ಯರಿಗೂ ಅಂಟುತ್ತೆ. ಸಂಜೆ ಜ್ವರ, ರಾತ್ರಿ ಬೆವರು, ಸೊಂಟ ಕೀಲು ಎಲ್ಲ ನೋವು. ವಾಸಿಯಾಯ್ತು ಅನ್ನೋ ಹಾಗೆ ಬಿಟ್ಟು ಮತ್ತೆ ಬರುತ್ತೆ. ಅದಿಲ್ಲ ಅಂದ್ರೆ ಈಗ ಬೇರೆ ದಾರಿ ಹಿಡೀಬೇಕು. ಮೂಳೆ ಟಿ.ಬಿ. ಇರಬಹುದು. ಮಂಡಿಗೆ ಸೂಜಿ ಹಾಕಿ ನೀರು ತೆಗೆಯೋಣ."

ಆ ಜ್ವರದ ಗುರುತು ಶಿವರುದ್ರಮ್ಮನಿಗೆ ಸಿಕ್ಕಿತು. ಡಾಕ್ಟರು ಹೇಳಿದ್ದು ಮಗುವಿನ ಜ್ವರವಲ್ಲ, ತನ್ನದು. ತನ್ನ ಮೈಯ ಗುಟ್ಟನ್ನು ಈ ಹೆಂಗಸಿಗೆ ಹೇಳಿಕೊಟ್ಟವರು ಯಾರು ಎಂದು ಒಂದು ಗಳಿಗೆ ಸೊಸೆಯ ಕಡೆ ತಿರುಗಿ ನೋಡಿದಳು ಕೂಡ. ಅಷ್ಟು ಬೇಗ ಬಿಟ್ಟುಹೋಗುವ ಅನುಮಾನವಲ್ಲ ಅದು. ಆದರೆ ಸೊಸೆ ಅವಳನ್ನು ನೋಡುತ್ತಿರಲಿಲ್ಲ. ಸೂಜಿಯ ಮಾತು ಕೇಳಿ ತುಟಿ ಬಿಗಿಹಿಡಿದಿದ್ದ ಗಾನವಿ ಮಾತ್ರ ಅಜ್ಜಿಯನ್ನೇ ನೋಡುತ್ತಿದ್ದಳು. ಅಮ್ಮನಿಗೆ ಹೇಳಬೇಡ ಎಂದದ್ದನ್ನು ಮಗು ಆಗಲೂ ನಡೆಸಿಕೊಂಡು ಬಂದಿತ್ತು.

ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಸೊಸೆಯೇ ತಪ್ಪಿತಸ್ಥೆಯಾಗಿ ಉಳಿಯುತ್ತಾಳೆ, ಮಗುವಿನ ಮಂಡಿಗೆ ಸೂಜಿ ಇಳಿಯುತ್ತದೆ, ಇಲ್ಲದ ರೋಗಕ್ಕೆ ಔಷಧಿ ಶುರುವಾಗುತ್ತದೆ. ಶಿವರುದ್ರಮ್ಮ ಕುರ್ಚಿಯ ತೋಳು ಹಿಡಿದುಕೊಂಡು ಎದ್ದಳು.

"ಕುಡಿದೈತೆ ಕಣವ್ವ ಮಗು. ದಿನಾ ನಾನೇ ಕುಡಿಸ್ತಿದ್ದೆ. ನಾನೂ ಕುಡೀತಿದ್ದೆ. ಕಸ ಎಳೆದಿದ್ದೂ ನಾನೇ."

ದಾಕ್ಷಾಯಿಣಿ ನಿಧಾನವಾಗಿ ಕೇಳಿದಳು. "ಯಾಕೆ ಅತ್ತೆ?"

"ನಿನ್ ಕೈಯಿಂದ ಉಳಿಸ್ಕಳನ ಅಂತ."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ, ಅಷ್ಟು ಮಾತ್ರ ಅವಳ ದೊಡ್ಡತನ. ಡಾಕ್ಟರಮ್ಮ ಇಬ್ಬರ ರಕ್ತಕ್ಕೂ ಬರೆದುಕೊಟ್ಟು, ಏನೂ ಕೇಳಿಸದವರ ಹಾಗೆ ಮುಂದಿನ ರೋಗಿಯನ್ನು ಕರೆದರು.

ಇಬ್ಬರಿಗೂ ಅದೇ ರೋಗ ಎಂದು ಬಂತು. ಒಂದು ಹೊತ್ತೂ ತಪ್ಪಿಸದೆ ಆರು ವಾರ ಮಾತ್ರೆ, ಮಗುವಿಗೆ ಬೇರೆ, ಅಜ್ಜಿಗೆ ಬೇರೆ. ಜ್ವರ ನಿಂತಿತೆಂದು ನಡುವೆ ಬಿಟ್ಟರೆ ಮತ್ತೆ ಮೊದಲಿಂದ ಎಂದು ಎಚ್ಚರಿಸಿ ಕಳಿಸಿದರು. ಪಶು ಆಸ್ಪತ್ರೆಯವರು ಬಂದು ಕೆಂಪಿಯ ರಕ್ತ ತೆಗೆದುಕೊಂಡರು. ಅದಕ್ಕೂ ಇತ್ತು. ಅದನ್ನು ಬೇರೆ ಕಟ್ಟಿ, ಯಾರಿಗೂ ಮಾರಬೇಡಿ, ಕಂದು ಹಾಕಿದರೆ ಗ್ಲೌಸ್ ಹಾಕಿಕೊಂಡು ಸುಣ್ಣ ಸುರಿದು ಆಳಕ್ಕೆ ಹೂಳಿ, ಮುಂದೆ ಹೆಣ್ಣು ಕರು ತಂದರೆ ಎಳೆಯದರಲ್ಲೇ ಲಸಿಕೆ ಹಾಕಿಸಿ ಎಂದರು. ಯೋಗೀಶ ಅಮ್ಮನಿಗೆ ಬೈಯಲಿಲ್ಲ. ಲಕ್ಕಯ್ಯನ ವಿಷಯ ತಿಳಿದ ದಿನ ಮಾತ್ರ ಬೇಲಿಯಿಂದ ಆ ಸೊಪ್ಪು ಕಿತ್ತು ತಂದು, ತನ್ನ ಅಂಗೈಗೇ ರಸ ಹಿಂಡಿಕೊಂಡು ಅವಳ ಮುಂದೆ ಹಿಡಿದ. ಅಲ್ಲೂ ಮೊಸರಿನ ಹಾಗೆ ಗಟ್ಟಿಯಾಯಿತು. "ನೋಡಮ್ಮ, ನಂಗೂ ಯಾರೋ ಹಾಕವ್ರೆ" ಅಂದು ಕೈ ತೊಳೆಯಲು ಹೋದ.

ಮಾತ್ರೆ ಶುರುವಾದ ಮಾರನೇ ದಿನ ಉಚ್ಚೆ ಕೆಂಪಗೆ ಹೋದದ್ದು ಕಂಡು ಶಿವರುದ್ರಮ್ಮನಿಗೆ ಹಳೆಯ ದಿಗಿಲು ತಲೆ ಎತ್ತಿತು. ಅವಳು ಗಂಗಲಕ್ಷ್ಮಿಯ ಮನೆಗೆ ಹೋಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ಸೊಸೆಯನ್ನು ಕೇಳಿದಳು. "ಮಾತ್ರೆ ಬಣ್ಣ ಅತ್ತೆ, ಡಾಕ್ಟ್ರು ಹೇಳಿದ್ರಲ್ಲ" ಅಂದಳು ದಾಕ್ಷಾಯಿಣಿ. ಮಾತು ಅಷ್ಟೇ. ಊಟಕ್ಕೆ ಕರೆಯುತ್ತಿದ್ದಳು, ಮಾತ್ರೆ ತಂದು ಕೊಡುತ್ತಿದ್ದಳು, ಯಾವುದರಲ್ಲೂ ಕೊರತೆ ಮಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಶಿವರುದ್ರಮ್ಮನಿಗೆ ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು.

ಗಾನವಿಯ ಮಂಡಿ ಇಳಿದು, ಓಡಾಡಲು ಶುರುಮಾಡಿದ ಮೇಲೆ ಒಂದು ಮಧ್ಯಾಹ್ನ ತೋಟದಿಂದ ಎಳನೀರು ಬಂತು. ಶಿವರುದ್ರಮ್ಮ ಒಂದನ್ನು ಕೆತ್ತಿಸಿ, ಒಡೆಸಿ, ಸಿಪ್ಪೆಯ ಚಮಚದಿಂದ ಬೆಳ್ಳಗಿನ ಗಂಜಿ ಕೆರೆದು ಮೊಮ್ಮಗಳ ಮುಂದೆ ಹಿಡಿದಳು. ಎಳನೀರಿನೊಳಗೆ ಯಾರು ಏನು ಹಾಕಲು ಸಾಧ್ಯ?

ಗಾನವಿ ಎರಡೂ ಕೈ ಹಿಂದೆ ಕಟ್ಟಿಕೊಂಡಳು. "ಅಮ್ಮನ್ನ ಕೇಳ್ಕೊಂಡು ಬತ್ತೀನಿ ಅಜ್ಜಿ."

ಒಳಗಿಂದ ದಾಕ್ಷಾಯಿಣಿ ಬಂದಳು. ಬಾಗಿಲಲ್ಲಿ ನಿಂತು ಎಳನೀರನ್ನೂ ಅತ್ತೆಯ ಕೈಯನ್ನೂ ನೋಡಿದಳು. "ಅಜ್ಜಿ ಕೊಟ್ರೆ ತಿನ್ನು ಪುಟ್ಟಿ" ಅಂದಳು. ಅಂದವಳು ಒಳಗೆ ಹೋಗಲಿಲ್ಲ.

ಶಿವರುದ್ರಮ್ಮನ ಕಣ್ಣು ತುಂಬಿಕೊಂಡಿತು, ಆದರೆ ಸಿಟ್ಟು ಬರಲಿಲ್ಲ. "ನಿಂತ್ಕೊಂಡು ನೋಡವ್ವ" ಅಂದಳು. "ನಿನ್ನ ಜಾಗದಲ್ಲಿ ನಾನಿದ್ರೂ ನೋಡ್ತಿದ್ದೆ."

ದಾಕ್ಷಾಯಿಣಿ ಹಾಗೇನಿಲ್ಲ ಅತ್ತೆ ಅನ್ನಲಿಲ್ಲ. ಮಗು ತಿಂದು ಮುಗಿಸುವವರೆಗೂ ಬಾಗಿಲಲ್ಲೇ ನಿಂತಿದ್ದಳು.