ಹೊರಗೆ ನಿಂತು ಕೇಳಬೇಕಾದ ಸದ್ದು

"ಸದ್ದು ಹೇಗಿರ್ಬೇಕು ಅಂತ ನೀನು ಹೇಳ್ಬೇಕು ಮಾರಾಯ, ನಾನಲ್ಲ. ಆಗ್ಲಿಂದ ಕೇಳ್ತಾನೇ ಇದೀನಿ," ಎಂದು ಅರ್ಲಿಂಡೊ, ಮೇಲಕ್ಕೆತ್ತಿ ನಿಲ್ಲಿಸಿದ್ದ ಕಾರಿನ ಹೊಟ್ಟೆಯ ಕೆಳಗಿನಿಂದ ಹೇಳಿದ. "ನಾನು ಪೈಪು ಬಗ್ಗಿಸೋನು, ಸಂಗೀತದ ಮೇಷ್ಟ್ರಲ್ಲ."

ನೆವಿಲ್ ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತ ನಿಂತಿದ್ದ. ತಲೆಯ ಮೇಲೆ ನಿಂತಿದ್ದುದು ಅವನ ಕಿತ್ತಳೆ ಬಣ್ಣದ ವೇಲಿಯಂಟ್. ಎರಡೇ ಬಾಗಿಲು, ಉದ್ದನೆಯ ಮೂತಿ, ಆ ಮೂತಿಯೊಳಗೆ ಲಾರಿಗೆ ಹಾಕಿದರೂ ನಡೆಯುವಂಥ ಇಂಜಿನ್ನು. ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ ಕಾಲದಿಂದ ಅವನು ಸಾಕಿಕೊಂಡು ಬಂದ ಕಾರು. ಸಮುದ್ರದ ಉಪ್ಪು ಗಾಳಿಗೆ ಅದರ ಹೊಗೆ ಪೈಪು ಒಳಗಿಂದೊಳಗೇ ತಿಂದುಹೋಗಿ, ಈಗ ಬೆರಳು ಒತ್ತಿದಲ್ಲೆಲ್ಲ ತೂತು ಬೀಳುತ್ತಿತ್ತು.

"ಹಳೇದು ಹೇಗಿತ್ತೋ ಹಾಗೇ ಇರ್ಲಿ," ಎಂದ ನೆವಿಲ್.

"ಹಳೇದು ಹೇಗಿತ್ತು?"

ನೆವಿಲ್ ಕಾರಿನ ತಿಂದುಹೋದ ಪೈಪಿನ ಕಡೆ ನೋಡಿದ. ಇಷ್ಟು ವರ್ಷ ಅದರೊಳಗೆ ಕೂತವನಿಗೆ ಅದು ಹೇಗಿತ್ತು ಎಂದು ಹೇಳಲು ಬರದಿದ್ದುದು ಅವನಿಗೇ ವಿಚಿತ್ರವೆನಿಸಿತು.

"ಎಲ್ರೂ ಇಲ್ಲೇ ಸಿಕ್ಕಿಹಾಕ್ಕೊಳ್ಳೋದು," ಎಂದ ಅರ್ಲಿಂಡೊ, ಕೈ ಒರೆಸಿಕೊಳ್ಳುತ್ತ. "ಸರಿ. ಮೊದ್ಲು ದುಡ್ಡಿನ ಮಾತಾಡೋಣ. ಸ್ಟೇನ್‌ಲೆಸ್ ಬೇಡ. ಅದು ನಿನಗಿಂತ ಜಾಸ್ತಿ ವರ್ಷ ಬಾಳತ್ತೆ, ಯಾರಿಗೆ ಬಿಟ್ಟು ಹೋಗ್ತೀಯ? ಮಾಮೂಲಿ ಉಕ್ಕಿಂದು, ಅಲ್ಯೂಮಿನಿಯಂ ಲೇಪ ಇರೋದು, ಅದು ಸಾಕು. ಹಿಂದೆ ಹೊಳೆಯೋ ಬಾಲ ಬೇಡ, ಅದು ಬರೀ ಷೋಕಿ. ದಪ್ಪ ಪೈಪು ಹಾಕು ಅಂತ ಹುಡುಗರು ಬರ್ತಾರೆ. ಹಾಕಿದ್ರೆ ಆರ್ಭಟ ಬರತ್ತೆ, ಏರಲ್ಲಿ ಎಳೆಯೋ ಶಕ್ತಿ ಹೋಗತ್ತೆ. ನಿಂದು ಕ್ರಿಂಗಿಲಾ ಗುಡ್ಡದ ಮೇಲಲ್ವಾ ಮನೆ?"

"ಮೇಲೆ. ಕೊನೇ ತಿರುವಲ್ಲಿ."

"ಮತ್ತೆ? ಸಣ್ಣದೇ ಸರಿ. ಉಳಿದಿದ್ದು ಸೈಲೆನ್ಸರು. ಅಲ್ಲೇ ಸದ್ದು ತೀರ್ಮಾನ ಆಗೋದು. ನೀನು ಹೇಳಿದ ಮೊತ್ತಕ್ಕೆ ಒಂದೇ ಬರತ್ತೆ."

ಅವನು ಮೂಲೆಯಿಂದ ಎರಡನ್ನು ತಂದು ನೆಲದ ಮೇಲಿಟ್ಟ. ಒಂದು ಉದ್ದನೆಯ, ದಪ್ಪ ಡಬ್ಬ. ಹೊಸದು. ಇನ್ನೊಂದು ಗಿಡ್ಡ, ಯಾರೋ ಕಾರು ಮಾರುವಾಗ ಬಿಚ್ಚಿಸಿ ಬಿಟ್ಟುಹೋದದ್ದು; ಅದರೊಳಗೆ ಈ ತುದಿಯಿಂದ ಆ ತುದಿಯ ಬೆಳಕು ಕಾಣುತ್ತಿತ್ತು.

"ಇದು ಮೆತ್ತಗೆ. ಇದು ಜೋರು. ಜೋರು ಅಂದ್ರೆ ಪೊಲೀಸಿನೋರು ರಸ್ತೆಗಿಳಿಸ್ಬೇಡ ಅಂತ ಹಳದಿ ಚೀಟಿ ಅಂಟಿಸೋವಷ್ಟಲ್ಲ, ಗಡಿ ಒಳಗೇ ಇದೆ. ಬೆಲೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಇವತ್ತು ಬೆಸೆಯಲ್ಲ. ಒಂದನ್ನ ಕ್ಲ್ಯಾಂಪಲ್ಲಿ ಬಿಗಿದು ಕೊಡ್ತೀನಿ, ಇನ್ನೊಂದು ಡಿಕ್ಕೀಲಿ ಹಾಕ್ತೀನಿ. ಮನೇಲಿ ಬದಲಾಯಿಸ್ಕೊಂಡು ಎರಡೂ ಕೇಳು. ಸೋಮವಾರ ಬಂದು ಯಾವುದು ಅಂತ ಹೇಳು."

"ಕೇಳ್ತೀನಿ."

"ಒಳಗೆ ಕೂತು ಕೇಳ್ಬೇಡ. ಒಳಗೆ ಕೂತೋನಿಗೆ ಕೇಳೋದು ಇಂಜಿನ್ನು, ಗಾಳಿ, ಅವನ ಸೀಟು. ಯಾರನ್ನಾದ್ರೂ ಕೂರಿಸಿ ರೇಸ್ ಮಾಡ್ಸು, ನೀನು ಹಿಂದೆ ದೂರ ಹೋಗಿ ನಿಂತ್ಕೋ. ಮನೇಲಿ ಯಾರಾದ್ರೂ ಇದಾರಲ್ಲ?"

"ಇದಾರೆ," ಎಂದ ನೆವಿಲ್.

ಯಾಕೆ ಹಾಗೆಂದೆನೋ ಎಂದು ದಾರಿಯುದ್ದಕ್ಕೂ ಯೋಚಿಸಿದ. ಇಲ್ಲ ಎಂದಿದ್ದರೆ ಅರ್ಲಿಂಡೊ ತಾನೇ ಕೂತು ಒಂದು ನಿಮಿಷ ಒತ್ತಿಕೊಡುತ್ತಿದ್ದನೇನೋ. ಆದರೆ ಇಲ್ಲ ಎನ್ನುವ ಒಂದು ಮಾತು ಆ ಎಣ್ಣೆ ವಾಸನೆಯ ಷೆಡ್ಡಿನಲ್ಲಿ, ಕಾದು ಕೂತಿದ್ದ ಇನ್ನಿಬ್ಬರ ಎದುರಿಗೆ, ಬಾಯಿಂದ ಹೊರಡಲಿಲ್ಲ.

ಮೊದಲೆಲ್ಲ ಈ ಕೆಲಸಕ್ಕೆ ಡೆಸ್ ಇದ್ದ. ಅವನದೂ ಕಾರ್ಖಾನೆ, ಅದೇ ಪಾಳಿ. ಪ್ರತಿ ಶನಿವಾರ ಬರುತ್ತಿದ್ದ, ಕಾರಿನ ಕೆಳಗೆ ನಾಲ್ಕು ಕಾಲು ಚಾಚಿಕೊಂಡಿರುತ್ತಿದ್ದವು. ಏನೇ ಬದಲಾಯಿಸಲಿ, ಡೆಸ್ ಒಳಗೆ ಕೂತು ಒತ್ತುವುದು, ನೆವಿಲ್ ಹಿಂದೆ ನಿಂತು ಕೈ ಎತ್ತುವುದು. ಹೆಂಡತಿಯ ಎದೆಗೆ ಕಾರ್ಖಾನೆಯ ಧೂಳು ಆಗಿಬರದೆ ಡೆಸ್ ಉತ್ತರದ ಬಂಡಬರ್ಗಿಗೆ ಹೊರಟುಹೋದ. ಹೋದ ಹೊಸತರಲ್ಲಿ ವಾರವಾರವೂ ಫೋನ್ ಇತ್ತು.

ಶನಿವಾರ ಬೆಳಗ್ಗೆ ನೆವಿಲ್ ಕಾರನ್ನು ಅಂಗಳದಲ್ಲಿ ನಿಲ್ಲಿಸಿ, ಇಂಜಿನ್ ಹಚ್ಚಿ, ಫೋನನ್ನು ಹಿಂದಿನ ಪೈಪಿನ ಹತ್ತಿರ ಹಿಡಿದ.

"ಡೆಸ್, ಕೇಳು. ಇದು ಮೆತ್ತಂದು."

"ಏನೂ ಕೇಳ್ತಿಲ್ಲ ಕಣೋ ನೆವ್. ಡಬ್ಬಿಯೊಳಗೆ ಕಣಜ ಸೇರ್ಕೊಂಡಂಗಿದೆ."

"ತಡಿ, ಇನ್ನೊಂದು ಹಾಕಿ ಮತ್ತೆ ಮಾಡ್ತೀನಿ."

ಅವನು ಕೆಳಗೆ ತೂರಿ, ಬೋಲ್ಟು ಸಡಿಲಿಸಿ, ಕೈ ಸುಟ್ಟುಕೊಂಡು, ಗಿಡ್ಡದನ್ನು ಬಿಗಿದು ಮತ್ತೆ ಫೋನ್ ಮಾಡುವಷ್ಟರಲ್ಲಿ ಡೆಸ್ಸನ ಹಿಂದೆ ಮಕ್ಕಳ ಗಲಾಟೆ ಶುರುವಾಗಿತ್ತು.

"ಈಗ?"

"ಈಗ ಎರಡು ಕಣಜ. ಏಯ್, ಅದನ್ನ ಬಾಯಿಗಿಟ್ಕೋಬೇಡ, ಅಜ್ಜಿಗೆ ಕೊಡು. ನಿಂಗಲ್ಲ ಕಣೋ. ನೆವ್, ಇವತ್ತು ಮೊಮ್ಮಗಳ ಹುಟ್ಟಿದಹಬ್ಬ, ಮನೆ ತುಂಬ ಜನ. ನಾಳೆ ಮಾಡ್ತೀನಿ ಆಯ್ತಾ?"

"ಆಯ್ತು. ಏನು ಅರ್ಜೆಂಟಿಲ್ಲ."

"ಜೋರಿಂದು ಹಾಕ್ಸು. ನಾವೇನು ಪಾದ್ರಿಗಳಾ?" ಎಂದು ಡೆಸ್ ನಕ್ಕ. ಆ ನಗು ಮೊದಲಿನದೇ. ಫೋನು ಇಟ್ಟಮೇಲೆ ಅಂಗಳದಲ್ಲಿ ಇಂಜಿನ್ನು ಒಂದೇ ಗುಡುಗುಡಿಸುತ್ತಿತ್ತು.

ನೆವಿಲ್ ಪೊರಕೆಯ ಹಿಡಿಯನ್ನು ಆಕ್ಸಿಲರೇಟರಿಗೂ ಸೀಟಿಗೂ ನಡುವೆ ಸಿಗಿಸಿ ಹಿಂದಕ್ಕೆ ಓಡಿ ನಿಂತು ನೋಡಿದ. ಕಾರು ಕಿರುಚಿಕೊಂಡಿತು. ಓಡಿ ಬಂದು ಕಿತ್ತ. ಆಮೇಲೆ ಗುಡ್ಡ ಇಳಿದು, ಕಾರ್ಖಾನೆಯ ಉದ್ದನೆಯ ಗೋಡೆಯ ಪಕ್ಕ ಕಿಟಕಿ ಇಳಿಸಿಕೊಂಡು ಓಡಿಸಿದ. ಗೋಡೆ ಸದ್ದನ್ನು ಹಿಂದಕ್ಕೆ ಎಸೆಯುತ್ತದಲ್ಲ, ಅದನ್ನಾದರೂ ಕೇಳೋಣ ಎಂದು. ಎಸೆಯಿತು. ಆದರೆ ಅದರಲ್ಲಿ ಕಾರ್ಖಾನೆಯ ಗುಂಯ್‌ಗುಡುವಿಕೆಯೂ ಗಾಳಿಯೂ ಎದುರಿನಿಂದ ಬಂದ ಲಾರಿಯೂ ಸೇರಿಕೊಂಡು, ತನ್ನದು ಯಾವುದು ಎಂದು ಅವನಿಗೆ ಹೆಕ್ಕಲಾಗಲಿಲ್ಲ. ಈ ಊರಿನಲ್ಲಿ ಒಂದು ಪೆಡಲು ಒತ್ತಿಕೊಡು ಎಂದು ಕೇಳಬಹುದಾದವರ ಹೆಸರನ್ನು ಮನಸ್ಸಿನಲ್ಲೇ ನೆನೆಯುತ್ತ ಮೇಲೆ ಬಂದ. ನೆನೆಯುವುದು ಬೇಗ ಮುಗಿಯಿತು.

ಭಾನುವಾರ ಬೆಳಗ್ಗೆ ಇಂಜಿನ್ ಹಚ್ಚಿದ ಕೂಡಲೆ ಬೇಲಿಯ ಆಚೆ ಪರದೆಬಾಗಿಲು ಬಡಿಯಿತು. ವೆಲಿಕಾ ಬಂದಳು. ಪಕ್ಕದ ಮನೆಯ ಮ್ಯಾಸಿಡೋನಿಯದ ಮುದುಕಿ. ಭಾನುವಾರದ ಈ ಸದ್ದಿಗೆ ಬೈಯುವುದು ಅವಳ ಪದ್ಧತಿ, ಬೈಸಿಕೊಳ್ಳುವುದು ಅವನ ಪದ್ಧತಿ. ಅವಳ ಕೈಯೆಲ್ಲ ಮಸಿ. ಅವಳ ಗ್ಯಾರೇಜಿನಿಂದ ದೊಣ್ಣೆಮೆಣಸಿನಕಾಯಿ ಸುಡುವ ವಾಸನೆ ಬರುತ್ತಿತ್ತು. ಮಾರ್ಚ್ ಬಂತೆಂದರೆ ಈ ಗುಡ್ಡದ ತುಂಬ ಅದೇ ವಾಸನೆ. ಸುಟ್ಟು, ಸುಲಿದು, ಅರೆದು ಬಾಟಲಿ ತುಂಬುವುದು.

"ನೆವಿಲ್, ಏನು ನಿನ್ನ ನಾಯಿಗೆ ಎರಡು ಗಂಟಲು ಬಂದಿದೆ? ನಿನ್ನೆ ಬೆಳಗ್ಗೆ ಒಂದು ಥರ, ಆಮೇಲೆ ಇನ್ನೊಂದು ಥರ."

ನೆವಿಲ್ ಇಂಜಿನ್ ಆರಿಸಿದ. "ನಿಮಗೆ ಗೊತ್ತಾಯ್ತಾ?"

"ಕಿವಿ ಇದೆಯಲ್ಲ."

"ಸೈಲೆನ್ಸರು ಬದಲಾಯಿಸ್ತಿದೀನಿ. ಯಾವುದು ಅಂತ ಗೊತ್ತಾಗ್ತಿಲ್ಲ." ಅವನು ಕಾರಿನ ಬಾಗಿಲು ತೆರೆದು ಹಿಡಿದ. "ಮಿಸೆಸ್ ವೆಲಿಕಾ, ನೀವೊಂದು ನಿಮಿಷ ಒಳಗೆ ಕೂತು ಕಾಲಲ್ಲಿ ಒತ್ತಿದ್ರೆ..."

"ನಾನಾ? ಅದರೊಳಗಾ? ಕೂತ್ರೆ ಏಳ್ಸೋಕೆ ನಿನ್ನ ಕ್ರೇನ್ ತರ್ಬೇಕಾಗತ್ತೆ." ಅವಳು ಕೈಯನ್ನು ಅಂಗಿಗೆ ಒರೆಸಿಕೊಂಡಳು. "ಒಳಗೆ ಕೂತು ನಾನೇನು ಕೇಳ್ಲಿ? ಇಷ್ಟು ವರ್ಷ ಹೊರಗಿಂದ ಕೇಳಿದೀನಿ, ಹೊರಗಿಂದಾನೇ ಹೇಳ್ತೀನಿ. ನೀನು ಓಡಿಸ್ಕೊಂಡು ಕೆಳಗೆ ಹೋಗಿ ಬಾ. ಒಂದು ಸಲ ಇದು, ಒಂದು ಸಲ ಅದು."

ತನ್ನ ಬಿಳಿ ಪ್ಲಾಸ್ಟಿಕ್ ಕುರ್ಚಿಯನ್ನು ಜಗುಲಿಗೆ ಎಳೆದುಕೊಂಡು, ಮಡಿಲಲ್ಲಿ ಪಾತ್ರೆಯಿಟ್ಟುಕೊಂಡು, ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತ ಕೂತಳು.

ಅವನು ಮೊದಲು ಮೆತ್ತನೆಯದನ್ನು ಬಿಗಿದು ಹೊರಟ. ಗುಡ್ಡ ಇಳಿದು, ಬೇಕರಿಯ ಬಳಿ ತಿರುಗಿಸಿ, ಮೇಲೆ ಬಂದ. ಅವಳ ಮನೆಯ ಮುಂದೆ ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿದಾಗ ಅವಳು ಬೆಚ್ಚಿದಳು.

"ಬಂದ್ಯಾ? ಯಾವಾಗ ಬಂದೆ?"

"ಈಗ್ಲೇ. ಕೇಳಿಸ್ಲಿಲ್ವಾ?"

"ಇಲ್ಲ. ಇನ್ನೂ ಕೆಳಗೇ ಇದೀಯ ಅಂದ್ಕೊಂಡೆ." ಅವಳ ಮುಖದಲ್ಲಿ ಅಸಮಾಧಾನವಿತ್ತು. "ಕಳ್ಳನ ಥರ ಬರ್ತೀಯಲ್ಲ."

ಎರಡನೆಯದನ್ನು ಬಿಗಿಯಲು ಹೊತ್ತಾಯಿತು. ಈ ಸಲ ಅವನು ತಿರುವು ಹತ್ತಿ ಬರುವಾಗ ಅವಳ ಕೈಯಲ್ಲಿ ಮೆಣಸಿನಕಾಯಿ ಇರಲಿಲ್ಲ. ಎರಡು ಕೈಯನ್ನೂ ಪಾತ್ರೆಯ ಅಂಚಿಗಿಟ್ಟು ರಸ್ತೆಯ ಕಡೆಗೇ ನೋಡುತ್ತಿದ್ದಳು.

"ಬೇಕರಿ ಹತ್ರ ತಿರುಗಿದಾಗ್ಲೇ ಗೊತ್ತಾಯ್ತು," ಎಂದಳು. "ಶಾಲೆ ಹತ್ರ ಗೇರು ಹಾಕೋಕೆ ತಡ ಮಾಡ್ದೆ. ಮುಂಚೆ ಹಾಗೆ ಮಾಡ್ತಿರ್ಲಿಲ್ಲ ನೀನು."

"ಮೊಣಕಾಲು ನೋವು."

"ಗೊತ್ತು. ಹೋದ ಚಳಿಗಾಲದಿಂದ. ನಿನ್ನ ಸ್ನೇಹಿತ ಇದ್ನಲ್ಲ, ದೊಡ್ಡ ನಗು, ಅವನು ಓಡಿಸಿದ್ರೆ ಕಾರು ಅಳ್ತಿತ್ತು. ನೀನು ಓಡಿಸಿದ್ರೆ ಗೊಣಗತ್ತೆ."

ನೆವಿಲ್ ಕಾರಿನಿಂದಿಳಿದು ಅವಳ ಮೆಟ್ಟಿಲ ಮೇಲೆ ಕೂತ. ಅವಳು ಮುಂದುವರಿಸಿದಳು.

"ರಾತ್ರಿ ಪಾಳಿ ಇತ್ತಲ್ಲ ನಿಮಗೆ. ನನ್ನ ಗಂಡ ಬ್ಲಾಗೊಯಂದೂ ಅದೇ. ನಿನ್ನ ಕಾರು ಮೊದಲು ಬರೋದು, ಅವನ ಬಸ್ಸು ಆಮೇಲೆ. ನಿನ್ನ ಕಾರು ಗುಡ್ಡ ಹತ್ತಿದ್ರೆ, ಪಾಳಿ ಮುಗೀತು, ಎಲ್ರೂ ಹೊರಗೆ ಬಂದ್ರು, ಏನೂ ಆಗಿಲ್ಲ ಅಂತ ಲೆಕ್ಕ. ನಾನು ಎದ್ದು ಕಾಫಿಗಿಡ್ತಿದ್ದೆ."

"ಮತ್ತೆ ಇಷ್ಟು ವರ್ಷ ಬೈದ್ರಲ್ಲ."

"ಭಾನುವಾರ ಬೈದೆ. ಭಾನುವಾರ ಪಾಳಿ ಎಲ್ಲಿತ್ತು?"

ಇಬ್ಬರೂ ನಕ್ಕರು. ಆಗ ನೆವಿಲ್‌ನ ಕಣ್ಣು ಗ್ಯಾರೇಜಿನೊಳಕ್ಕೆ ಹೋಯಿತು. ಪ್ರತಿ ವರ್ಷ ಮೆಣಸಿನಕಾಯಿಯ ಮೂಟೆಗಳು ಗೋಡೆಗೆ ಒರಗಿ ಸಾಲಾಗಿರುತ್ತಿದ್ದವು. ಈಗ ಒಂದೇ ಇತ್ತು. ಉಳಿದ ಜಾಗದಲ್ಲಿ ಟೇಪು ಹಚ್ಚಿದ ರಟ್ಟಿನ ಪೆಟ್ಟಿಗೆಗಳು.

"ಈ ವರ್ಷ ಕಮ್ಮಿ ಮಾಡ್ತಿದೀರ?"

"ಅಷ್ಟನ್ನ ಹೊತ್ಕೊಂಡು ಹೋಗೋದ್ಯಾರು." ಅವಳು ಸುಲಿಯುವುದನ್ನು ಮತ್ತೆ ಶುರು ಮಾಡಿದಳು. "ಮನೆ ಮಾರಿ ಆಯ್ತು. ಈಸ್ಟರ್ ಆದ್ಮೇಲೆ ಅಡಿಲೇಡಿಗೆ, ತಂಗಿ ಹತ್ರ. ಅವಳೂ ಒಬ್ಳೇ. ಇಬ್ರೂ ಸೇರ್ಕೊಂಡು ಜಗಳ ಆಡ್ತೀವಿ. ಹೇಳೋಣ ಅಂತಿದ್ದೆ. ಬೈಯೋಕೆ ಬಂದಾಗ ಹೇಗೆ ಹೇಳೋದು?"

ನೆವಿಲ್ ಟೋಪಿಯನ್ನು ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಕೆಳಗೆ ಕಾರ್ಖಾನೆಯ ಚಿಮಣಿಯಿಂದ ಬಿಳಿಯ ಹಬೆ ಸಮುದ್ರದ ಕಡೆಗೆ ಬಾಗುತ್ತಿತ್ತು.

"ಯಾರು ಬರ್ತಾರೆ ಇಲ್ಲಿಗೆ?"

"ಸಣ್ಣ ವಯಸ್ಸಿನ ಜೋಡಿ. ಸಿಡ್ನಿ ಕಡೆಯವರು. ಹೆಂಡ್ತಿ ಬಸುರಿ."

"ಹಾಗಾದ್ರೆ ಮೆತ್ತಂದೇ ಹಾಕಿಸ್ತೀನಿ," ಎಂದ ಅವನು. "ಮಗು ಇರತ್ತೆ. ನಂಗೇನು, ಒಳಗೆ ಕೂತೋನಿಗೆ ಎರಡೂ ಒಂದೇ."

ವೆಲಿಕಾ ಸಿಪ್ಪೆಯನ್ನು ಕೈಯಿಂದ ಝಾಡಿಸಿದಳು. ಈಗ ನಿಜಕ್ಕೂ ಬೈಯುವವಳ ಮುಖ.

"ಜೋರಿಂದು ಹಾಕ್ಸು. ಬೈಯ್ಲಿ ಅವ್ರು. ಬೈಯೋಕಾದ್ರೂ ಬೇಲಿ ಹತ್ರ ಬರ್ಬೇಕಲ್ಲ. ಇಲ್ದಿದ್ರೆ ಪಕ್ಕದ ಮನೇಲಿ ಒಬ್ಬ ಇದಾನೆ ಅಂತ ಯಾರಿಗೆ ಗೊತ್ತಾಗತ್ತೆ?"

ಸಂಜೆಯವರೆಗೆ ಫೋನು ಅಡುಗೆಮನೆಯ ಮೇಜಿನ ಮೇಲೆ ಮಲಗಿತ್ತು. ಡೆಸ್ ಮಾಡಲಿಲ್ಲ. ನೆವಿಲ್ ಒಂದು ಸಲ ಕೈಗೆತ್ತಿಕೊಂಡು, ಹಬ್ಬದ ಮಾರನೇ ದಿನ ಮನೆ ಗುಡಿಸುತ್ತಿರಬಹುದು ಎಂದುಕೊಂಡು ಮತ್ತೆ ಇಟ್ಟ.

ಸೋಮವಾರ ಅರ್ಲಿಂಡೊ ಮುಖಕ್ಕೆ ಬೆಸುಗೆಯ ಗವಸು ಇಳಿಸುವ ಮುಂಚೆ ಕೇಳಿದ, "ಗಿಡ್ಡದ್ದೇನಾ? ಪಕ್ಕಾನಾ? ಬೆಸೆದ್ಮೇಲೆ ಬಿಚ್ಚೋ ಕೆಲ್ಸ ಹೇಳ್ಬೇಡ."

"ಪಕ್ಕಾ."

"ಮನೆಯೋರು ಏನಂದ್ರು?"

"ಇದೇ ಅಂದ್ರು," ಎಂದ ನೆವಿಲ್. "ಬೇಕರಿ ಹತ್ರಾನೇ ಗೊತ್ತಾಗತ್ತಂತೆ."

"ಒಳ್ಳೆ ಕಿವಿ," ಎಂದು ಅರ್ಲಿಂಡೊ ಗವಸು ಇಳಿಸಿದ. ಕಿಡಿ ಹಾರಿತು.

ಹಿಂದಿರುಗುವಾಗ ಶಾಲೆಯ ಬಳಿ ಮೊಣಕಾಲನ್ನು ಲೆಕ್ಕಿಸದೆ ಸರಿಯಾದ ಹೊತ್ತಿಗೇ ಗೇರು ಹಾಕಿದ. ಕೊನೆಯ ತಿರುವಿನಲ್ಲಿ ನಿಧಾನ ಮಾಡಿದ. ವೆಲಿಕಾಳ ಬಾಗಿಲು ಹಾಕಿತ್ತು. ಸೋಮವಾರ ಅವಳು ಬಸ್ಸಿನಲ್ಲಿ ಪೇಟೆಗೆ ಹೋಗುವ ದಿನ. ಜಗುಲಿ ಖಾಲಿಯಿತ್ತು, ಅಲ್ಲಿ ಕುರ್ಚಿಯೂ ಇರಲಿಲ್ಲ.

ಕುರ್ಚಿ ಅವನ ಜಗುಲಿಯಲ್ಲಿತ್ತು. ರಸ್ತೆಯ ಕಡೆ ಮುಖ ಮಾಡಿ ಇಟ್ಟಿದ್ದಳು. ಅದರ ಮೇಲೆ ಬಾಟಲಿ, ಬಾಟಲಿಯೊಳಗೆ ಕೆಂಪನೆಯ ಮೆಣಸಿನಕಾಯಿ ಅರೆದದ್ದು, ಮುಟ್ಟಿದರೆ ಇನ್ನೂ ಬೆಚ್ಚಗೆ.

ನೆವಿಲ್ ಇಂಜಿನ್ ಆರಿಸಿದ. ಬಾಟಲಿಯನ್ನು ಕೈಯಲ್ಲಿ ಹಿಡಿದು ಕುರ್ಚಿಯಲ್ಲಿ ಕೂತ. ಅಂಗಳದಲ್ಲಿ ಹೊಸ ಪೈಪು ಆರುತ್ತ, ಟಿಕ್, ಟಿಕ್ ಎನ್ನುತ್ತಿತ್ತು. ಅದು ಒಳಗೆ ಯಾರೂ ಒತ್ತದೆಯೇ ಹೊರಗೆ ಕೂತವನಿಗೆ ಕೇಳುವ ಸದ್ದು. ಒಂದೊಂದು ಟಿಕ್ಕಿಗೂ ನಡುವೆ ಹೊತ್ತು ಹೆಚ್ಚುತ್ತ ಹೋಯಿತು. ಅವನು ಕೊನೆಯದನ್ನು ಕೇಳಿ, ಇನ್ನೊಂದು ಬರುತ್ತದೇನೋ ಎಂದು ಕಾದ.